ಕೆಳೆ, ನಂಟು, ಮುಯ್ಯಿ: ‘ಗೆಳೆಯ’ ಪದದ ಚರಿತ್ರೆ

1. ಒಂದು ಗದ್ದೆ, ಮೂರು ಹೆಸರು

ಹಾಸನ ಜಿಲ್ಲೆಯ ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಾಳ್ಳುಪೇಟೆ ಸಿಗುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಜಾಗ ಇದು. ಗುಡ್ಡದ ಮೇಲೆ ಕಾಫಿ ತೋಟ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಭತ್ತದ ಗದ್ದೆ. ಮಳೆ ಹಿಡಿದು ನಾಟಿಯ ದಿನ ಬಂದಾಗ ಅಂಥ ಒಂದು ಗದ್ದೆಗೆ ಇಳಿಯುವ ಹೊರಗಿನವರನ್ನು ಮನೆಯ ಯಜಮಾನ ಮೂರು ಹೆಸರುಗಳಲ್ಲಿ ಗುರುತಿಸಬಲ್ಲ. ಹೆಣ್ಣು ಕೊಟ್ಟು ತಂದ ಮನೆಯಿಂದ ಬಂದವರು ‘ನೆಂಟರು’. ಇವತ್ತು ದುಡಿದು, ನಾಳೆ ತಮ್ಮ ಗದ್ದೆಗೆ ಈ ಮನೆಯ ಆಳನ್ನು ಎದುರುನೋಡುವವರು ‘ಮುಯ್ಯಾಳು’ಗಳು. ಈ ಎರಡು ಲೆಕ್ಕಕ್ಕೂ ಸೇರದೆ, ಕರೆದನೆಂದು ಬಂದು ನಿಂತವನು ‘ಜೊತೆಗಾರ’. ಈ ಮೂರನೆಯವನಿಗೆ ಬರವಣಿಗೆಯ ಕನ್ನಡ ಕೊಡುವ ಹೆಸರು ‘ಗೆಳೆಯ’.

ಆಸರೆಯಾಗಿ ನಿಲ್ಲುವ ಸಂಗಡಿಗನನ್ನು ಹೆಸರಿಸಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಒಡನಾಡಿ, ಸಂಗಾತಿ, ಸಂಗಡಿಗ, ಜೊತೆಗಾರ, ಸ್ನೇಹಿತ, ಮಿತ್ರ, ದೋಸ್ತಿ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ‘ಗೆಳೆಯ’ದ ವ್ಯುತ್ಪತ್ತಿಯನ್ನು ಕುರಿತು ತರಗತಿಗಳಲ್ಲಿ ಎರಡು ವಿವರಣೆಗಳು ಬಳಕೆಯಲ್ಲಿವೆ. ಮೊದಲನೆಯದು: ಗೆಳೆಯನೆಂದರೆ ‘ಕೇಳುವವನು’, ನಮ್ಮ ಸುಖದುಃಖಕ್ಕೆ ಕಿವಿಗೊಡುವವನು. ಎರಡನೆಯದು: ದ್ರಾವಿಡದಲ್ಲಿ ಬಂಧುವಾಚಕವಾಗಿದ್ದ ಪದವೊಂದು ಕನ್ನಡದಲ್ಲಿ ಸ್ನೇಹಿತನಿಗೆ ವಿಸ್ತರಿಸಿತು. ಮೊದಲ ವಿವರಣೆ ಸುಂದರವಾಗಿದೆ, ಆದರೆ ನಿಲ್ಲುವುದಿಲ್ಲ. ಎರಡನೆಯದು ಬಹಳ ಮಟ್ಟಿಗೆ ಸಮ್ಮತವಾಗಿದ್ದರೂ ಒಂದು ಮುಖ್ಯ ಸಾಕ್ಷ್ಯವನ್ನು ಕಡೆಗಣಿಸುತ್ತದೆ ಎಂಬುದು ನಮ್ಮ ವಾದ. ಸ್ನೇಹದ ಅರ್ಥವು ಬಾಂಧವ್ಯದ ಅರ್ಥದಷ್ಟೇ ಪ್ರಾಚೀನವಾಗಿರಬೇಕೆಂದು ತೋರಿಸುವುದು ಈ ಲೇಖನದ ಉದ್ದೇಶ.

2. ರೂಪದ ಸಾಕ್ಷ್ಯ

ಹಳಗನ್ನಡದ ರೂಪ ‘ಕೆಳೆ’. ಅದು ಮೊದಲಿಗೆ ಸಂಬಂಧದ ಹೆಸರು, ಅಂದರೆ ಸ್ನೇಹ ಎಂಬ ಭಾವನಾಮ. ವ್ಯಕ್ತಿಯನ್ನು ಹೇಳುವ ‘ಕೆಳೆಯ’ ಅದರಿಂದ ಸಾಧಿತವಾದುದು. ‘ಒಡೆ’ಯಿಂದ ‘ಒಡೆಯ’, ‘ಒಡತಿ’ ಬಂದಂತೆಯೇ ‘ಕೆಳೆ’ಯಿಂದ ‘ಕೆಳೆಯ’, ‘ಕೆಳತಿ’ ಬಂದಿವೆ. ಕೆಳೆಯುಳ್ಳವನು ಕೆಳೆಯ. ಕನ್ನಡದ ಈ ರಚನೆಯಲ್ಲಿ ಸಂಬಂಧ ಮೊದಲು, ವ್ಯಕ್ತಿ ಅನಂತರ. ಕಿಟೆಲ್ ಅವರ 1894ರ ನಿಘಂಟು ಕಕಾರಾದಿ ಮತ್ತು ಗಕಾರಾದಿ ರೂಪಗಳೆರಡನ್ನೂ ದಾಖಲಿಸಿದೆ. ಇಂದಿನ ಮಾತಿನಲ್ಲಿ ಉಳಿದಿರುವುದು ಗಕಾರಾದಿ ರೂಪವೊಂದೇ.

ಪದಾದಿಯ ಕಕಾರ ಗಕಾರವಾಗುವುದು ಕನ್ನಡದಲ್ಲಿ ಅಪರೂಪವಲ್ಲ, ಆದರೆ ನಿಯತವೂ ಅಲ್ಲ. ತಮಿಳಿನ ‘ಕಿಳಿ’ಗೆ ಕನ್ನಡದಲ್ಲಿ ‘ಗಿಳಿ’, ‘ಕಿೞಂಗು’ವಿಗೆ ‘ಗೆಣಸು’. ಆದರೆ ‘ಕಿವಿ’, ‘ಕೆಡು’, ‘ಕೇಳು’ ಕಕಾರವನ್ನು ಬಿಟ್ಟುಕೊಡಲಿಲ್ಲ. ಸಮಾಸದ ಉತ್ತರಪದದಲ್ಲಿ ‘ಮಳೆಗಾಲ’ದಂತೆ ಕಕಾರಕ್ಕೆ ಗಕಾರ ಆದೇಶವಾಗುವುದು ಕನ್ನಡದ ಸಾಮಾನ್ಯ ಸಂಧಿ. ಸ್ನೇಹವಾಚಕಗಳು ವಿಶೇಷಣಗಳೊಡನೆ ಸಮಾಸವಾಗುವುದು ಹೆಚ್ಚು. ‘ನಲ್’ ಎಂಬುದರ ಮುಂದೆ ‘ಕೆಳೆ’ ಬಂದರೆ ‘ನಲ್ಗೆಳೆ’ ಎಂದೇ ಆಗಬೇಕು. ಇಂಥ ಸಮಾಸಗಳಲ್ಲಿ ನೆಲೆಸಿದ ಗಕಾರವು ಬಿಡಿಪದಕ್ಕೂ ಹರಡಲು ಅವಕಾಶವಿತ್ತು.

ಸ್ವರದ ವಿಷಯ ಇನ್ನೂ ಸ್ಪಷ್ಟ. ತಮಿಳಿನ ‘ವಿಲೈ’, ‘ಇಲೈ’, ‘ಕುಡೈ’ಗಳಿಗೆ ಕನ್ನಡದಲ್ಲಿ ‘ಬೆಲೆ’, ‘ಎಲೆ’, ‘ಕೊಡೆ’ ಇವೆ. ಎರಡನೆಯ ಅಕ್ಷರದಲ್ಲಿ ವಿವೃತ ಸ್ವರವಿದ್ದಾಗ ತಮಿಳಿನ ಇಕಾರ, ಉಕಾರಗಳಿಗೆ ಎದುರಾಗಿ ಕನ್ನಡದಲ್ಲಿ ಎಕಾರ, ಒಕಾರಗಳು ನಿಲ್ಲುತ್ತವೆ. ಇದೇ ನಿಯಮದ ಪ್ರಕಾರ ತಮಿಳಿನಲ್ಲಿ ಬಂಧುವರ್ಗ, ಕವಲು ಎಂಬ ಅರ್ಥಗಳುಳ್ಳ ‘ಕಿಳೈ’ ಪದಕ್ಕೆ ಕನ್ನಡದ ‘ಕೆಳೆ’ ರೂಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ತಮಿಳಿನಲ್ಲಿ ಇದರ ಪಕ್ಕದಲ್ಲೇ ದೀರ್ಘಸ್ವರದ ‘ಕೇಳ್’ ಇದೆ: ಬಂಧು, ಆಪ್ತ, ಪತಿ ಎಂದು ಅದರ ಅರ್ಥ. ಬಹುವಚನ ‘ಕೇಳಿರ್’. ಏಕಾಕ್ಷರ ಧಾತುವಿನ ದೀರ್ಘಸ್ವರವು ಸ್ವರಾದಿ ಪ್ರತ್ಯಯದ ಮುಂದೆ ಹ್ರಸ್ವವಾಗುವುದು ದ್ರಾವಿಡ ಭಾಷೆಗಳ ಪರಿಚಿತ ವ್ಯಾಪಾರ. ಕನ್ನಡದೊಳಗೇ ‘ಕೀಳು’ ಮತ್ತು ‘ಕೆಳಗು’ ಇದಕ್ಕೆ ಉದಾಹರಣೆ. ಇದೇ ನಂಟು ‘ಕೇಳ್’ ಮತ್ತು ‘ಕೆಳೆ’ಗಳಿಗೂ ಇದೆ.

‘ಕೆಳಗು’ ಪದದ ಹೆಸರು ಬಂದುದರಿಂದ ಒಂದು ಎಚ್ಚರಿಕೆ ಅಗತ್ಯ. ಇಂದಿನ ಕನ್ನಡದಲ್ಲಿ ‘ಕೆಳ’ ಮತ್ತು ‘ಕೆಳೆ’ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಆದರೆ ‘ಕೀಳು’, ‘ಕೆಳಗು’ಗಳ ಮೂಲದಲ್ಲಿರುವುದು ೞಕಾರ, ತಮಿಳಿನ ‘ಕೀೞ್’ ಅದನ್ನು ಉಳಿಸಿಕೊಂಡಿದೆ. ‘ಕೆಳೆ’ಯಲ್ಲಿರುವುದು ಅಚ್ಚಗನ್ನಡದ ಳಕಾರ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಱಳ, ಕುಳ, ಕ್ಷಳಗಳನ್ನು ಅಷ್ಟು ಶ್ರದ್ಧೆಯಿಂದ ಬೇರ್ಪಡಿಸಿದುದಕ್ಕೆ ಅವನ ಕಾಲಕ್ಕಾಗಲೇ ಬಾಯಿಮಾತಿನಲ್ಲಿ ಈ ವ್ಯತ್ಯಾಸ ಅಳಿಯುತ್ತಿದ್ದುದು ಕಾರಣವಿರಬೇಕು. ಅವನ ವರ್ಗೀಕರಣದಲ್ಲಿ ‘ಕೆಳೆ’ ಕುಳದ ಕಡೆಗೆ ಸೇರುತ್ತದೆ.

ಜಾನಪದದ ‘ಗೆಣೆಯ’, ‘ಗೆಣತಿ’, ‘ಗೆಣೆಕಾರ’ಗಳನ್ನೂ ಇಲ್ಲಿ ಗಮನಿಸಬೇಕು. ಳಕಾರ ಮತ್ತು ಣಕಾರಗಳ ವಿನಿಮಯಕ್ಕೆ ‘ಗಿಳಿ’, ‘ಗಿಣಿ’ ಜೋಡಿಯೇ ಸಾಕ್ಷಿ. ಜೋಡಿ, ಸಮಾನ ಎಂಬ ಅರ್ಥದ ‘ಎಣೆ’ಯ ಪ್ರಭಾವವೂ ಇಲ್ಲಿ ಬೆರೆತಿರುವುದು ಸಾಧ್ಯ. ಪ್ರಣಯದ ಛಾಯೆ ‘ಗೆಳತಿ’ಗಿಂತ ‘ಗೆಣತಿ’ಯಲ್ಲಿ ಗಾಢವಾಗಿರುವುದು ಈ ಊಹೆಗೆ ಪೋಷಕವಾಗಿದೆ.

3. ಕೇಳುವವನು ಗೆಳೆಯನೆ?

ತಮಿಳಿನಲ್ಲಿ ಬಂಧುವಾಚಕವಾದ ‘ಕೇಳ್’ ಮತ್ತು ಆಲಿಸು ಎಂಬ ಅರ್ಥದ ಕ್ರಿಯಾಪದ ‘ಕೇಳ್’ ಸಮಾನಧ್ವನಿಗಳು. ಈ ಸಾಮ್ಯವೇ ‘ಕೇಳುವವನು ಗೆಳೆಯ’ ಎಂಬ ವಿವರಣೆಗೆ ಬುನಾದಿ. ಆದರೆ ಕನ್ನಡದಲ್ಲಿ ಕ್ರಿಯಾಪದ ಎಂದೂ ಗಕಾರವನ್ನು ಪಡೆಯಲಿಲ್ಲ. ಅದರಿಂದ ಹುಟ್ಟಿದ ‘ಕೇಳ್ವಿ’, ‘ಕೇಳಿಕೆ’, ‘ಕೇಳುಗ’ಗಳೆಲ್ಲ ದೀರ್ಘಸ್ವರವನ್ನೇ ಉಳಿಸಿಕೊಂಡಿವೆ. ಇನ್ನು ತೆಲುಗಿನಲ್ಲಿ ಆಲಿಸುವುದಕ್ಕೆ ಬಳಕೆಯ ಕ್ರಿಯಾಪದ ‘ವಿನು’. ಆದರೆ ನಾವು ಮುಂದೆ ನೋಡುವಂತೆ ಸ್ನೇಹವಾಚಕ ಅಲ್ಲಿಯೂ ಇದೆ. ಆಲಿಸುವ ಕ್ರಿಯೆಯ ಹಂಗಿಲ್ಲದೆ ಸ್ನೇಹವಾಚಕ ಬಾಳಬಲ್ಲದಾದರೆ ಅದನ್ನು ಆ ಕ್ರಿಯೆಯಿಂದ ಹುಟ್ಟಿಸುವ ಅಗತ್ಯ ಉಳಿಯುವುದಿಲ್ಲ. ಈ ವಿವರಣೆಯನ್ನು ಲೋಕವ್ಯುತ್ಪತ್ತಿಯೆಂದು ಗೌರವದಿಂದ ಬದಿಗಿಡಬೇಕು. ಗೆಳೆಯನಿಂದ ಜನ ಏನನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಪದದ ಹುಟ್ಟನ್ನು ಹೇಳುವುದಿಲ್ಲ.

4. ನಂಟು ಮತ್ತು ಕೆಳೆ: ಒಂದು ಅದಲುಬದಲು

ಬಂಧುವಾಚಕವು ಸ್ನೇಹವಾಚಕವಾಯಿತು ಎಂಬ ಎರಡನೆಯ ವಿವರಣೆಗೆ ಬಲ ಬರುವುದು ಮತ್ತೊಂದು ಪದವನ್ನು ಪಕ್ಕದಲ್ಲಿಟ್ಟಾಗ. ತಮಿಳಿನ ‘ನಟ್ಪು’, ‘ನಣ್ಬನ್’ ಪದಗಳು ಸ್ನೇಹವನ್ನೂ ಸ್ನೇಹಿತನನ್ನೂ ಹೇಳುತ್ತವೆ. ಇವುಗಳ ಕನ್ನಡ ಜ್ಞಾತಿಗಳು ‘ನಣ್ಪು’, ‘ನಂಟು’, ‘ನಂಟ’, ಇಂದಿನ ‘ನೆಂಟ’. ಬಾಳ್ಳುಪೇಟೆಯ ಗದ್ದೆಗೆ ಬಂದ ನೆಂಟ ಸ್ನೇಹಿತನಲ್ಲ, ಸಂಬಂಧಿಕ. ಹೀಗೆ ಎರಡು ಭಾಷೆಗಳನ್ನು ಎದುರುಬದುರು ಇರಿಸಿದರೆ ಕತ್ತರಿಯಾಕಾರದ ಚಿತ್ರ ಮೂಡುತ್ತದೆ. ತಮಿಳಿನ ಬಂಧುವಾಚಕ ಕನ್ನಡದಲ್ಲಿ ಗೆಳೆಯನಾಗಿದೆ. ತಮಿಳಿನ ಸ್ನೇಹವಾಚಕ ಕನ್ನಡದಲ್ಲಿ ನೆಂಟನಾಗಿದೆ.

ಈ ಚಿತ್ರ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅದನ್ನು ಸರಪಳಿ ಚಲನೆಯೆಂದು ಕರೆಯುವ ಆಸೆಯಾಗುತ್ತದೆ: ನಂಟು ಬಾಂಧವ್ಯದ ನೆಲೆಗೆ ಬಂದುದರಿಂದ ಕೆಳೆ ಸ್ನೇಹದ ನೆಲೆಗೆ ಸರಿಯಿತು ಎಂದು. ಆದರೆ ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಕ್ರಿ.ಶ. 941ರ ಸುಮಾರಿನ ಪಂಪನ ಕನ್ನಡದಲ್ಲಿ ಕೆಳೆಯೆಂದರೆ ಸ್ನೇಹವೇ. ಅದೇ ಹಳಗನ್ನಡದಲ್ಲಿ ನಣ್ಪು, ನಂಟುಗಳು ಪ್ರೀತಿ, ಸ್ನೇಹ, ಬಾಂಧವ್ಯಗಳ ನಡುವೆ ಇನ್ನೂ ಓಲಾಡುತ್ತಿವೆ. ಕೆಳೆ ತನ್ನ ನೆಲೆಯನ್ನು ಹಿಡಿದಾಗಿತ್ತು, ನಂಟು ಇನ್ನೂ ಹಿಡಿದಿರಲಿಲ್ಲ. ಆದ್ದರಿಂದ ನಂಟು ಕೆಳೆಯನ್ನು ತಳ್ಳಿತು ಎನ್ನುವುದು ಕಷ್ಟ.

ನಂಟಿನ ಪಯಣಕ್ಕೆ ಬೇರೆಯೇ ದಾರಿ ಕಾಣುತ್ತದೆ. ‘ನೆಂಟಸ್ತನ ಬೆಳೆಸುವುದು’ ಎಂದರೆ ಇಂದಿಗೂ ಹೆಣ್ಣು ಕೊಟ್ಟು ತರುವ ಮಾತು. ಹುಟ್ಟಿನಿಂದ ಬಂದ ಅಣ್ಣತಮ್ಮಂದಿರನ್ನು ಈ ಸೀಮೆಯಲ್ಲಿ ಸಾಮಾನ್ಯವಾಗಿ ನೆಂಟರೆನ್ನುವುದಿಲ್ಲ. ಎರಡು ಮನೆಗಳು ಬೇಕೆಂದು ಮಾಡಿಕೊಂಡ ಮೈತ್ರಿಯೇ ನೆಂಟಸ್ತಿಕೆ. ಸ್ನೇಹದಿಂದ ಮದುವೆಯ ಒಪ್ಪಂದಕ್ಕೆ, ಒಪ್ಪಂದದಿಂದ ಸಂಬಂಧಿಕನಿಗೆ ಅರ್ಥ ಸರಿದಿರುವುದು ಸಹಜ. ಕೆಳೆಯ ಚಲನೆಯನ್ನು ಇದಕ್ಕೆ ಕಟ್ಟದೆ ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಇಲ್ಲಿಯೇ ತೆಲುಗಿನ ಸಾಕ್ಷ್ಯ ನಿರ್ಣಾಯಕವಾಗುವುದು. ತೆಲುಗಿನ ‘ಚೆಲಿ’ ಎಂದರೆ ಗೆಳತಿ, ‘ಚೆಲಿಕಾಡು’ ಗೆಳೆಯ, ‘ಚೆಲಿಮಿ’ ಗೆಳೆತನ. ತಾಲವ್ಯ ಸ್ವರದ ಮುಂದಿನ ಕಕಾರ ತೆಲುಗಿನಲ್ಲಿ ಚಕಾರವಾಗುತ್ತದೆ. ತಮಿಳಿನಲ್ಲಿಯೂ ಆಗುತ್ತದೆ, ಆದರೆ ಮುಂದೆ ಮೂರ್ಧನ್ಯ ವ್ಯಂಜನವಿದ್ದರೆ ತಡೆಯುತ್ತದೆ. ಆದ್ದರಿಂದ ಕನ್ನಡದ ‘ಕಿವಿ’ಗೆ ತಮಿಳು, ತೆಲುಗು ಎರಡರಲ್ಲೂ ‘ಚೆವಿ’ ಇದ್ದರೆ, ಕನ್ನಡದ ‘ಕೆಡು’ವಿಗೆ ತಮಿಳಿನಲ್ಲಿ ಕಕಾರ, ತೆಲುಗಿನಲ್ಲಿ ‘ಚೆಡು’. ಕನ್ನಡದ ‘ಗಿಳಿ’ಗೆ ತಮಿಳಿನಲ್ಲಿ ‘ಕಿಳಿ’, ತೆಲುಗಿನಲ್ಲಿ ‘ಚಿಲುಕ’. ತೆಲುಗಿನಲ್ಲಿ ಳಕಾರ ಲಕಾರವಾಗಿರುವುದನ್ನೂ ಈ ಕೊನೆಯ ಉದಾಹರಣೆ ತೋರಿಸುತ್ತದೆ. ‘ಗೆಳೆ’, ‘ಕಿಳೈ’, ‘ಚೆಲಿ’ ಎಂಬ ಮೂರು ರೂಪಗಳು ಗಿಳಿಯ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟಿವೆ. ‘ಚೆಲಿ’ ತೆಲುಗಿಗೆ ತಡವಾಗಿ ಬಂದ ಕನ್ನಡದ ಎರವಲಾಗಿದ್ದರೆ ಅದರಲ್ಲಿ ಚಕಾರ ಇರುತ್ತಿರಲಿಲ್ಲ.

ಭದ್ರಿರಾಜು ಕೃಷ್ಣಮೂರ್ತಿಯವರ ವರ್ಗೀಕರಣದಲ್ಲಿ ತೆಲುಗು ದಕ್ಷಿಣಮಧ್ಯ ಶಾಖೆಗೆ ಸೇರುತ್ತದೆ. ಕನ್ನಡ, ತಮಿಳುಗಳು ದಕ್ಷಿಣ ಶಾಖೆಗೆ ಸೇರುತ್ತವೆ. ಸ್ನೇಹದ ಅರ್ಥ ಎರಡೂ ಶಾಖೆಗಳಲ್ಲಿದೆ. ಬಾಂಧವ್ಯದ ಅರ್ಥ ಪ್ರಬಲವಾಗಿರುವುದು ತಮಿಳಿನ ಕಡೆ. ಯಾವ ಅರ್ಥ ಹಳೆಯದು ಎಂದು ಈ ಹಂಚಿಕೆಯ ಮೇಲೆ ಕೇಳಿದರೆ, ಸ್ನೇಹದ್ದನ್ನು ನಂತರದ ವಿಸ್ತರಣೆಯೆನ್ನಲು ನಮಗೆ ಆಧಾರವಿಲ್ಲ. ಕನ್ನಡ, ತೆಲುಗುಗಳ ದೀರ್ಘಕಾಲದ ಒಡನಾಟದಿಂದ ರೂಪ ಅವುಗಳದಾಗಿಯೇ ಉಳಿದು ಅರ್ಥ ಮಾತ್ರ ಹರಡಿರಬಹುದು ಎಂಬ ಆಕ್ಷೇಪಣೆಯನ್ನು ಎತ್ತಬಹುದು. ಆದರೆ ಅದಕ್ಕೆ ತಮಿಳೇ ಉತ್ತರ ಕೊಡುತ್ತದೆ. ‘ಕೇಳ್’ನಿಂದ ಹುಟ್ಟಿದ ‘ಕೇಣ್ಮೈ’ ಎಂಬ ಭಾವನಾಮ ‘ತಿರುಕ್ಕುರಳ್’ನ ಸ್ನೇಹವಿಷಯಕ ಅಧ್ಯಾಯಗಳಲ್ಲಿ ‘ನಟ್ಪು’ವಿನ ಜೊತೆಗೇ, ಸ್ನೇಹವೆಂಬ ಅರ್ಥದಲ್ಲಿಯೇ ಬಳಕೆಯಾಗಿದೆ. ಕನ್ನಡದ ಸಂಪರ್ಕದಿಂದ ಇದನ್ನು ವಿವರಿಸಲಾಗದು.

ಆದ್ದರಿಂದ ಮೂಲಪದಕ್ಕೆ ‘ಬಂಧು’ ಅಥವಾ ‘ಮಿತ್ರ’ ಎಂದು ಒಂದೇ ಅರ್ಥವನ್ನು ಹಚ್ಚುವುದಕ್ಕಿಂತ ‘ತನ್ನವನು’, ‘ತನ್ನ ಕಡೆಯವನು’ ಎಂಬ ಅವಿಭಕ್ತ ಅರ್ಥವನ್ನು ಪುನಾರಚಿಸುವುದು ಯುಕ್ತ. ತಮಿಳು ಅದರಲ್ಲಿ ಬಾಂಧವ್ಯದ ಪಾಲನ್ನು ಹೆಚ್ಚು ಬೆಳೆಸಿತು, ಕನ್ನಡ, ತೆಲುಗುಗಳು ಸ್ನೇಹದ ಪಾಲನ್ನು ಬೆಳೆಸಿದವು. ತಮಿಳಿನ ದಾಖಲೆಗಳು ಹಳೆಯವು ಎಂಬ ಕಾರಣಕ್ಕೆ ಅದರ ಅರ್ಥವನ್ನೇ ಮೂಲಾರ್ಥವೆಂದು ಎಣಿಸುವ ಅಭ್ಯಾಸ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಇನ್ನೂ ಕಾಣುತ್ತದೆ. ದಾಖಲೆಯ ವಯಸ್ಸು ಮತ್ತು ಅರ್ಥದ ವಯಸ್ಸು ಬೇರೆಬೇರೆ ಎಂಬುದನ್ನು ಈ ಒಂದು ಪದ ನೆನಪಿಸುತ್ತದೆ.

5. ನೊಗ, ತೆಪ್ಪ, ಜೋಳ

ಕೆಳೆಯ ಅರ್ಥದ ಎಲ್ಲೆ ತಿಳಿಯಬೇಕಾದರೆ ಅದರ ನೆರೆಹೊರೆಯ ಪದಗಳನ್ನೂ ನೋಡಬೇಕು. ಸಂಗಡಿಗನನ್ನು ಹೇಳುವ ಹಲವು ಪದಗಳು ಎರಡು ವಸ್ತುಗಳನ್ನು ಕೂಡಿಸುವ ಕ್ರಿಯೆಯಿಂದ ಬಂದಿವೆ. ‘ಜೊತೆ’ಯನ್ನು ಸಂಸ್ಕೃತದ ಯುಜ್ ಧಾತುವಿನ ಸಂತತಿಗೆ ಸೇರಿಸುವುದು ರೂಢಿ. ‘ಯೋಗಿ’ ‘ಜೋಗಿ’ಯಾದಂತೆ, ‘ಯಾತ್ರೆ’ ‘ಜಾತ್ರೆ’ಯಾದಂತೆ ಇಲ್ಲಿಯೂ ಯಕಾರ ಜಕಾರವಾಗಿದೆ. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ‘ಜತ್ತಿಗೆ’ಯೂ ಇದೇ ಬಳಗದ್ದು. ‘ಒಂದು ಜೊತೆ ಎತ್ತು’ ಎನ್ನುವ ರೈತನ ಮಾತಿನಲ್ಲಿ ಮೂಲಾರ್ಥ ಇಂದಿಗೂ ಜೀವಂತ. ‘ಸಂಗಡ’ವು ಸಂಸ್ಕೃತದ ‘ಸಂಘಾಟ’ದಿಂದ ಪ್ರಾಕೃತದ ಮೂಲಕ ಬಂದುದು, ಮೂಲದಲ್ಲಿ ಮರಗಳ ಜೋಡಣೆಯನ್ನು ಹೇಳುವ ಪದ. ಎರಡು ದೋಣಿಗಳನ್ನು ಜೋಡಿಸಿದ ಕಡವಿನ ತೆಪ್ಪಕ್ಕೆ ಮಲಯಾಳದಲ್ಲಿ ‘ಚಙ್ಙಾಡಂ’ ಎಂಬ ಹೆಸರಿರುವುದು ಇದೇ ಮೂಲದಿಂದ. ‘ಒಡನಾಡಿ’ ಅಚ್ಚಗನ್ನಡದ್ದು, ಒಡನೆ ಆಡಿದವನು. ನೊಗದಲ್ಲಿ, ತೆಪ್ಪದಲ್ಲಿ, ಆಟದಲ್ಲಿ ಸಮಾನವಾದುದು ಸಾಮೀಪ್ಯ: ಒಟ್ಟಿಗಿರುವುದರಿಂದ ಸಂಗಾತ ಉಂಟಾಗುತ್ತದೆ.

ಇನ್ನೊಂದು ಗುಂಪು ಋಣದ್ದು. ಹಳಗನ್ನಡದ ಕಾವ್ಯ, ಶಾಸನಗಳಲ್ಲಿ ಬರುವ ‘ಜೋಳವಾಳಿ’ ಒಡೆಯನು ಕೊಟ್ಟ ಕಾಳಿಗೆ ಪ್ರತಿಯಾದ ನಿಷ್ಠೆ. ‘ವೇಳೆವಾಳಿ’ ಸಮಯ ಬಂದಾಗ ಪ್ರಾಣವನ್ನೂ ಕೊಡುವೆನೆಂಬ ಪ್ರತಿಜ್ಞೆ. ಈ ಜಿಲ್ಲೆಯ ಹಳೇಬೀಡಿನಲ್ಲೇ ಅದರ ಪರಮಾವಧಿಯ ಸ್ಮಾರಕವಿದೆ. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವು ಇಮ್ಮಡಿ ಬಲ್ಲಾಳನ ಗರುಡನಾಗಿದ್ದ ಕುವರಲಕ್ಷ್ಮನು ಒಡೆಯನ ಮರಣದೊಡನೆ ತಾನೂ ಪ್ರಾಣಾರ್ಪಣ ಮಾಡಿದುದನ್ನು ಸ್ಮರಿಸುತ್ತದೆ. ಬಲ್ಲಾಳನ ಆಳ್ವಿಕೆ ಮುಗಿದುದು 1220ರಲ್ಲಿ. ಇದಕ್ಕಿಂತ ದೊಡ್ಡ ಸಹಚರತ್ವವನ್ನು ಕಲ್ಪಿಸುವುದು ಕಷ್ಟ. ಆದರೂ ಭಾಷೆ ಇದಕ್ಕೆ ಗರುಡ, ಲೆಂಕ, ವೇಳೆವಾಳಿ ಎಂಬ ಪ್ರತ್ಯೇಕ ಪದಸಮೂಹವನ್ನು ಮೀಸಲಿಟ್ಟಿತು. ಇಲ್ಲಿ ಒಬ್ಬ ಆಳ್ದ, ಇನ್ನೊಬ್ಬ ಆಳು. ಕೊಟ್ಟುದಕ್ಕೆ ಪ್ರತಿಯಾಗಿ ಮರಳಿಸಬೇಕಾದುದು ಇದೆ.

ಪಂಪನ ಕರ್ಣನ ಸಂಕಟ ತಿಳಿಯುವುದು ಈ ಎರಡು ಪದಸಮೂಹಗಳನ್ನು ಬೇರ್ಪಡಿಸಿ ಓದಿದಾಗ. ದುರ್ಯೋಧನನ ಅನ್ನ ಅವನ ಮೇಲಿದೆ, ಅದು ಋಣ. ದುರ್ಯೋಧನನ ಸ್ನೇಹವೂ ಅವನ ಮೇಲಿದೆ, ಅದು ಕೆಳೆ. ಹುಟ್ಟಿನ ನಿಜವನ್ನು ತಿಳಿದ ಮೇಲೆ ರಕ್ತಸಂಬಂಧ ಎದುರು ಪಕ್ಷದಲ್ಲಿದೆ. ಅಂದರೆ ನಮ್ಮ ಗದ್ದೆಯ ಮೂರು ಹೆಸರುಗಳ ಸಂಬಂಧಗಳು ಒಬ್ಬನೇ ವ್ಯಕ್ತಿಯನ್ನು ಎಳೆಯುತ್ತಿವೆ. ಋಣ ತೀರಿದರೆ ಮುಗಿಯುತ್ತದೆ, ರಕ್ತ ಬೇಡವೆಂದರೂ ಬಿಡುವುದಿಲ್ಲ. ಕೆಳೆಯೊಂದನ್ನು ಮಾತ್ರ ಅವನು ಆರಿಸಿಕೊಂಡಿದ್ದಾನೆ.

ಬಾಳ್ಳುಪೇಟೆಯ ‘ಮುಯ್ಯಾಳು’ ಈ ಋಣದ ಗುಂಪಿನ ಸೌಮ್ಯ ರೂಪ. ‘ಮುಯ್ಯಿ’ ಎಂದರೆ ಮರಳಿ ಕೊಡಬೇಕಾದುದು. ಮದುವೆಯ ಮನೆಗೆ ಹಾಕಿದ ಮುಯ್ಯಿ ತಮ್ಮ ಮನೆಯ ಮದುವೆಗೆ ತಿರುಗಿ ಬರುತ್ತದೆ. ತಮಿಳಿನಲ್ಲಿ ಮದುವೆಯ ಕಾಣಿಕೆಗಿರುವ ‘ಮೊಯ್’ ಇದರ ಜ್ಞಾತಿಯಾಗಿರಬೇಕು. ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದೂ ಹೌದು: ಉಪಕಾರಕ್ಕೂ ಅಪಕಾರಕ್ಕೂ ಒಂದೇ ಲೆಕ್ಕದ ಪುಸ್ತಕ. ಮುಯ್ಯಾಳು ಎಂಬ ಸಮಾಸದಲ್ಲಿ ‘ಆಳು’ ಇದ್ದರೂ ಕೂಲಿಯಿಲ್ಲ. ಇಬ್ಬರೂ ಸರದಿಯಂತೆ ಒಡೆಯರು, ಸರದಿಯಂತೆ ಆಳುಗಳು. ಇಲ್ಲಿ ಸಮಾನತೆಯಿದೆ, ಆದರೆ ಅದು ಎಣಿಸಿದ ಸಮಾನತೆ.

6. ಉಪಸಂಹಾರ

ಈ ಚರಿತ್ರೆಯಿಂದ ಮೂರು ಮಾತುಗಳು ಹೊರಡುತ್ತವೆ. ‘ಗೆಳೆಯ’ ಆಲಿಸುವ ಕ್ರಿಯೆಯಿಂದ ಹುಟ್ಟಿದ ಪದವಲ್ಲ. ಅದರ ಜ್ಞಾತಿಗಳಲ್ಲಿ ಬಾಂಧವ್ಯದ ಅರ್ಥವಿದ್ದರೂ ಸ್ನೇಹವನ್ನು ಬಾಂಧವ್ಯದ ನಂತರದ ನೆರಳೆಂದು ಹೇಳಲಾಗದು, ಎರಡು ಶಾಖೆಗಳ ಸಾಕ್ಷ್ಯ ಅದನ್ನು ತಡೆಯುತ್ತದೆ. ಸಾಮೀಪ್ಯದ ಮತ್ತು ಋಣದ ಪದಗಳಿಂದ ಕನ್ನಡ ಅದನ್ನು ಬೇರೆಯಾಗಿಯೇ ಕಾಪಾಡಿಕೊಂಡು ಬಂದಿದೆ.

1920ರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಬೇಂದ್ರೆ ಮತ್ತು ಸಂಗಡಿಗರು ತಮ್ಮ ಬಳಗಕ್ಕೆ ‘ಗೆಳೆಯರ ಗುಂಪು’ ಎಂದು ಹೆಸರಿಟ್ಟಾಗ ಆರಿಸಿದುದು ಈ ಪದವನ್ನೇ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ‘ಗೆಳ್ಯಾ’ ಆಗಿ ಬಾಯಲ್ಲಿ ಆಡುತ್ತಿದೆ. ಹಾಸನದ ಕಡೆ ಅದು ಹೆಚ್ಚಾಗಿ ಬರಹಕ್ಕೆ, ಹಾಡಿಗೆ ಸರಿದಿದೆ. ಮಾತಿನಲ್ಲಿ ಜೊತೆಗಾರ, ಸ್ನೇಹಿತ, ಫ್ರೆಂಡು ಅದರ ಜಾಗದಲ್ಲಿವೆ. ಯುವಕರು ಒಬ್ಬರನ್ನೊಬ್ಬರು ‘ಮಗಾ’ ಎನ್ನುತ್ತಾರೆ, ಗುರುತಿಲ್ಲದವನನ್ನು ‘ಅಣ್ಣಾ’ ಎನ್ನುತ್ತಾರೆ. ಬಾಂಧವ್ಯ ಮತ್ತು ಸ್ನೇಹಗಳ ನಡುವಿನ ಹಾದಿಯಲ್ಲಿ ಓಡಾಟ ಇನ್ನೂ ನಿಂತಿಲ್ಲ.

ಕೂಲಿಯ ದುಡಿಮೆ ಹೆಚ್ಚಿ, ಗದ್ದೆಗಳು ತೋಟಗಳಾಗುತ್ತಿರುವ ಈ ಗುಡ್ಡಗಳಲ್ಲಿ ಮುಯ್ಯಾಳು ಪದದ ಬಳಕೆ ಕುಗ್ಗುತ್ತಿದೆ. ಪದ ಹೋದರೆ ಅದು ನೆಂಟ ಮತ್ತು ಜೊತೆಗಾರರ ನಡುವೆ ಎಳೆದಿದ್ದ ಗೆರೆಯೂ ಅಳಿಯುತ್ತದೆ. ಹಾಗಾಗುವ ಮೊದಲು ಈ ಮೂರು ಪದಗಳನ್ನೂ ಬಿಡಿಬಿಡಿಯಾಗಿ ಅಲ್ಲ, ಒಂದೇ ಗದ್ದೆಯ ಪದಗಳಾಗಿ, ಒಂದರ ಎಲ್ಲೆಯನ್ನು ಇನ್ನೊಂದು ಹೇಗೆ ಕಾಯುತ್ತದೆ ಎಂಬ ವಿವರದೊಡನೆ ದಾಖಲಿಸಬೇಕು. ನಿಘಂಟಿನ ಅಕಾರಾದಿಯಲ್ಲಿ ಇವು ಎಂದೂ ಅಕ್ಕಪಕ್ಕ ಬರುವುದಿಲ್ಲ. ನಾಟ��ಯ ದಿನ ಮಾತ್ರ ಒಂದೇ ಸಾಲಿನಲ್ಲಿ ಬಗ್ಗಿ ನಿಂತಿರುತ್ತವೆ.